ದೋಣಿಯ ಹುಟ್ಟು: ಭಾಲ್ಕಿಯಲ್ಲೊಂದು, ಔರಾದದಲ್ಲೊಂದು

ಔರಾದ
3 ನವೆಂಬರ್ 2024

ಕೈಲಾಶ ಅವರಿಗೆ ಕರುಣಾಳ ಜಯಭೀಮ.

ಹೋದ ವಾರ ನೀವು ನಿಮ್ಮ ತಾಯಿಯವರನ್ನು ಕರೆದುಕೊಂಡು ನಮ್ಮೂರು ಡಾಬಕಾಕ್ಕೆ ಬಂದು, ನನ್ನನ್ನು ನೋಡಿಕೊಂಡು ಹೋದಿರಿ. ಹೋಗುವಾಗ ನಮ್ಮ ಅಪ್ಪನ ಹತ್ತಿರ ನನ್ನ ಫೋನ್ ನಂಬರ್ ಇಸಿದುಕೊಂಡಿರಂತೆ. ದಯವಿಟ್ಟು ಆ ನಂಬರಿಗೆ ಫೋನ್ ಮಾಡಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ, ಕಾರಣ ಇದೆ.

ಎರಡು ವರ್ಷದ ಹಿಂದೆ ಒಬ್ಬರ ಜೊತೆ ನನ್ನ ಮದುವೆಯ ಮಾತು ಪಕ್ಕಾ ಆಗಿತ್ತು. ಅವರು ದಿನಾ ಫೋನ್ ಮಾಡುತ್ತಿದ್ದರು. ಲಾತೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಕಿಟಕಿಗೆ ಯಾವ ಬಣ್ಣ ಹಚ್ಚಿಸಲಿ ಅಂತ ಕೇಳಿದರು. ನಾನು ಎರಡು ದಿನ ಯೋಚನೆ ಮಾಡಿ ಹಸಿರು ಅಂದೆ. ಆಮೇಲೆ ನೋಡಿದರೆ ಕಿಟಕಿ ಹಾಳಾಗಲಿ, ಮನೆಯೂ ಇರಲಿಲ್ಲ, ಜಾಗವೂ ಇರಲಿಲ್ಲ. ಫೋನಿನಲ್ಲಿ ಎಲ್ಲರ ದನಿಯೂ ಸಿಹಿಯಾಗಿಯೇ ಇರುತ್ತದೆ. ಕಾಗದದ ಮೇಲೆ ಬರೆದದ್ದನ್ನು ಮತ್ತೆ ತೆಗೆದು ಓದಬಹುದು. ನೀವು ಹೇಗೂ ಭಾಲ್ಕಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು, ಪತ್ರ ಬರೆಯುವುದು ನಿಮಗೆ ಭಾರವಾಗಲಾರದು.

ಬರುವ ಎಪ್ರಿಲ್‌ನಲ್ಲಿ ಭೀಮ ಜಯಂತಿ ಬರುವುದರೊಳಗೆ ಹೂಂ ಅಥವಾ ಒಲ್ಲೆ, ಎರಡರಲ್ಲಿ ಒಂದು ಹೇಳುತ್ತೇನೆ. ಅಲ್ಲಿಯವರೆಗೆ ಬರೆಯಿರಿ. ನನ್ನದು ಒಂದೇ ಷರತ್ತು: ಸುಳ್ಳು ಬೇಡ.

ಐತವಾರ ಏನು ಮಾಡುತ್ತೀರಿ ಅಂತ ನಾನು ಕೇಳಿದಾಗ ನೀವು "ಕಾರಂಜಾ ಡ್ಯಾಮಿನಾಗ ದೋಣಿ ನಡಸ್ತೇನ್ರಿ" ಅಂದಿರಿ. ನಮ್ಮ ಕಡೆ ಗಂಡಸರು ಐತವಾರ ಉಂಡು ಮಲಗುತ್ತಾರೆ. ದೋಣಿಯ ವಿಷಯ ಬರೆಯಿರಿ.

ಕರುಣಾ


ಭಾಲ್ಕಿ
12 ನವೆಂಬರ್ 2024

ಕರುಣಾ ಅವರಿಗೆ,

ದಿನಾ ಇನ್ನೊಬ್ಬರ ಪತ್ರಕ್ಕೆ ಮೊಹರು ಒತ್ತುವ ನನಗೆ ನನ್ನದೇ ಹೆಸರಿನ ಪತ್ರ ಬಂತು. ಮೂರು ಸಲ ಓದಿದೆ. ನಿಮ್ಮ ಅಕ್ಷರ ನಿಮ್ಮ ಹಾಗೇ ನೆಟ್ಟಗಿವೆ.

ದೋಣಿ ನನ್ನದಲ್ಲ, ಕಾರಂಜಾದಲ್ಲಿ ಮೀನು ಹಿಡಿಯುವ ಜಹೀರೋದ್ದೀನ ಎಂಬ ಗೆಳೆಯನದು. ಆದರೆ ಹುಟ್ಟು ನನ್ನವು! ಇನ್ನೂ ಹುಟ್ಟಾಗಿಲ್ಲ, ಆಗುತ್ತಿವೆ. ಕೊಚ್ಚಿಯ ಕಡೆಯ ಒಂದು ಅಂಗಡಿಯಿಂದ ತರಿಸಿದೆ. ಉದ್ದನೆಯ ಪೆಟ್ಟಿಗೆ, ನಮ್ಮ ಕಚೇರಿಯ ಬಾಗಿಲಲ್ಲಿ ಹಿಡಿಸದೆ ಓರೆ ಮಾಡಿ ಒಳಗೆ ತಂದೆವು. ಅದರಲ್ಲಿ ಹಳದಿ ಬಣ್ಣದ ಹಗುರ ಮರದ ಎರಡು ದಂಡ, ನೀರನ್ನು ತಳ್ಳುವ ತುದಿಗೆ ಎರಡೂ ಬದಿಯಲ್ಲಿ ಅಂಟಿಸಬೇಕಾದ ತೆಳು ಹಲಗೆಗಳು, ಅಂಟಿನ ಬಾಟಲಿ, ಎರಡು ತೊಗಲಿನ ಪಟ್ಟಿ, ಮೇಣ ಹಚ್ಚಿದ ದಾರ ಇವೆ. ಎಲ್ಲವನ್ನೂ ಉಜ್ಜಿ, ಜೋಡಿಸಿ, ನಾವೇ ಮಾಡಿಕೊಳ್ಳಬೇಕು.

ಸಂಜೆ ಬಂದವನೇ ಅಂಗಳದಲ್ಲಿ ರೇಗಮಾಲ್ ಕಾಗದ ಹಿಡಿದು ಉಜ್ಜುತ್ತಾ ಕೂರುತ್ತೇನೆ. ದಂಡ ಚೌಕ ಇದೆ, ದುಂಡಗೆ ಮಾಡಬೇಕು. ಉಜ್ಜುತ್ತಾ ಉಜ್ಜುತ್ತಾ ಕಣ್ಣು ಮುಚ್ಚಿದರೆ ನೀರಿನ ಸಪ್ಪಳವೇ ಕೇಳುತ್ತದೆ. ಮರದ ಪುಡಿ ಮೈಮೇಲೆಲ್ಲ ಬಿದ್ದು, ಊಟದ ರೊಟ್ಟಿಗೂ ಅದರದೇ ವಾಸನೆ. ನಮ್ಮ ಮನೆ ಮಾಲಕರು ಸಖುಬಾಯಿ, ಕುರಿ ಸಾಕುವವರು. ನೋಡಿ ಕೇಳಿದರು: "ಏನ್ರೀ ಕೈಲಾಶಣ್ಣಾ, ಇಷ್ಟುದ್ದ ಸೌಟು ಯಾರ ಲಗ್ನದ ಅಡಗಿಗಿ?"

ಅದಕ್ಕೆ ಉತ್ತರ ಹೇಳುವ ಹಕ್ಕು ನಿಮ್ಮದು.

ಕೈಲಾಶ


ಔರಾದ
22 ನವೆಂಬರ್ 2024

ಕೈಲಾಶ ಅವರಿಗೆ,

ಸಖುಬಾಯಿಯವರ ಮಾತು ಓದಿ ವಾರ್ಡಿನಲ್ಲಿ ಒಬ್ಬಳೇ ನಕ್ಕೆ. ಸಲಾಯಿನ್ ಹಚ್ಚಿಕೊಂಡು ಮಲಗಿದ್ದ ಮುದುಕಪ್ಪ ಗಾಬರಿಯಾಗಿ "ನನಗ ಏನ್ ಆಗ್ಯದ್ರೀ ಸಿಸ್ಟರ್?" ಅಂದ.

ನಿಮ್ಮ ಪತ್ರ ಬಂದ ಮೇಲೆ ನನಗೊಂದು ಕನಸು ಬಿತ್ತು. ಆಸ್ಪತ್ರೆಯ ವಾರ್ಡಿನೊಳಗೆ ಮೊಣಕಾಲುದ್ದ ನೀರು ಬಂದಿದೆ. ಯಾರಿಗೂ ಭಯವಿಲ್ಲ. ಮಂಚಗಳೆಲ್ಲ ಮೆಲ್ಲಗೆ ತೇಲುತ್ತಿವೆ, ಬಾಣಂತಿಯರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ದಾಟಿ ಹೊರಟಿದ್ದಾರೆ. ನಾನು ಒಂದು ಮಂಚದ ಮೇಲೆ ಕೂತು, ಸಲಾಯಿನ್ ಹಚ್ಚುವ ಕಂಬವನ್ನೇ ಹುಟ್ಟು ಮಾಡಿಕೊಂಡು, ಒಬ್ಬೊಬ್ಬರ ಹತ್ತಿರ ಹೋಗಿ ಗುಳಿಗೆ ಕೊಡುತ್ತಿದ್ದೇನೆ. ಎಚ್ಚರಾದಾಗ ಕೈ ಇನ್ನೂ ಆಡುತ್ತಿತ್ತು.

ಇಷ್ಟು ಬರೆದೆ ಅಂತ ಹೆಚ್ಚು ತಿಳಿದುಕೊಳ್ಳಬೇಡಿ. ಹುಟ್ಟು ಎಲ್ಲಿಗೆ ಬಂತು, ಬರೆಯಿರಿ.

ಕರುಣಾ


ಭಾಲ್ಕಿ
15 ಡಿಸೆಂಬರ್ 2024

ಕರುಣಾ ಅವರಿಗೆ,

ತಡವಾಯಿತು. ಅಂಟಿನ ದೆಸೆಯಿಂದ. ಅದು ಒಣಗಲು ಬೆಚ್ಚಗಿರಬೇಕಂತೆ, ನಮ್ಮ ಕಡೆಯ ಡಿಸೆಂಬರ್ ಚಳಿ ನಿಮಗೆ ಗೊತ್ತೇ ಇದೆ. ಸಖುಬಾಯಿಯವರ ಕಂಬಳಿಯಲ್ಲಿ ಎರಡೂ ಹುಟ್ಟನ್ನು ಸುತ್ತಿ ನನ್ನ ಪಕ್ಕದಲ್ಲೇ ಮಲಗಿಸಿಕೊಂಡೆ. ಒಂದು ವಾರ ಮೂವರೂ ಒಂದೇ ಹಾಸಿಗೆಯಲ್ಲಿ. ಅಂಟು ಗಟ್ಟಿಯಾಯಿತು, ನನಗೆ ನೆಗಡಿಯಾಯಿತು.

ಆಮೇಲೆ ಅವ್ವ ನಮ್ಮೂರು ಭಾತಂಬ್ರಾದಿಂದ ಬಂದಳು. ತೊಗಲಿನ ಪಟ್ಟಿ ನೋಡಿ ನಿಂತುಬಿಟ್ಟಳು. ಹುಟ್ಟು ದೋಣಿಯ ಅಂಚಿನ ಕಬ್ಬಿಣದ ಬಳೆಯಲ್ಲಿ ಕೂತು ತಿರುಗುತ್ತದಲ್ಲ, ಅಲ್ಲಿ ಮರ ಸವೆಯಬಾರದೆಂದು ಸುತ್ತ ತೊಗಲು ಹೊಲಿಯಬೇಕು. ಅವ್ವ ಹೇಳಿದಳು: "ಊರಾಗ ಸತ್ತ ದನಾ ಎತ್ತೋದು ಬಿಟ್ಟ ದಿನಾ ನಿಮ್ಮ ಮುತ್ಯಾ ಏನಂದಿದ್ದ ಗೊತ್ತದಾ? ಇನ್ನ ನಮ್ಮ ಮನ್ಯಾಗ ಯಾರೂ ತೊಗಲಿನ ಕೆಲಸಕ್ಕ ಕೈ ಹಚ್ಚಬಾರದು ಅಂದಿದ್ದ. ನೌಕರಿ ಮಾಡೋ ಮಗಾ ನೀ ತೊಗಲು ಹೊಲಿತೇನಿ ಅಂತಿ." ನಾನು ಅವಳ ಕಾಲಿನ ಚಪ್ಪಲಿ ತೋರಿಸಿದೆ. "ಕೊಳ್ಳೋದು ಬ್ಯಾರೆ, ಹೊಲಿಯೋದು ಬ್ಯಾರೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಪಟ್ಟಿಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ.

ತೊಗಲಿನ ಬದಲು ಸಖುಬಾಯಿ ಉಣ್ಣೆ ಹುರಿ ಹೊಸೆದುಕೊಟ್ಟರು. ಬಿಗಿಯಾಗಿ ಸುತ್ತಿದೆ, ನೋಡಲು ಚೆಂದ. ಹೋದ ಐತವಾರ ನಸುಕಿನಲ್ಲಿ ಕಾರಂಜಾಕ್ಕೆ ಒಯ್ದೆ. ನೀರಿನ ಮೇಲೆ ಹಾಲಿನ ಕೆನೆಯಂಥ ಮಂಜು. ಎರಡೂ ಹುಟ್ಟು ಬಳೆಗೆ ಹಾಕಿ ಕೂತೆ. ಸೂರ್ಯ ನನ್ನೆದುರಿಗೇ ನೀರಿನಿಂದ ಎದ್ದು ಬಂದ. ಅವನ ಮೇಲಿನ ಕಣ್ಣು ಕೀಳದೆ, ನೇರ ಅವನ ಕಡೆಗೇ ಹುಟ್ಟು ಹಾಕುತ್ತಾ ಹೋದೆ. ನೀವು ಇರಬೇಕಿತ್ತು ಅನಿಸಿತು.

ಮುಂದಿನದು ಅಷ್ಟು ಚೆಂದವಿಲ್ಲ. ಉಣ್ಣೆ ನೀರು ಕುಡಿದು ಉಬ್ಬಿ ಬಳೆಯಲ್ಲಿ ಸಿಕ್ಕಿಕೊಂಡಿತು. ಒಂದು ಹುಟ್ಟು ಅಲ್ಲಾಡಲೊಲ್ಲದು, ದೋಣಿ ಗಾಣದೆತ್ತಿನ ಹಾಗೆ ಗರಗರ. ಜಹೀರೋದ್ದೀನ ಹೊಟ್ಟೆ ಹಿಡಿದುಕೊಂಡು ನಕ್ಕ: "ಉಣ್ಣಿ ಬಸರಿ ಆಗ್ಯದ ಭಾಯ್. ತೊಗಲೇ ಬೇಕು."

ಈಗ ಏನು ಮಾಡಲಿ? ಅವ್ವನ ಮನಸ್ಸು ನೋಯಿಸಲಾರೆ.

ಕೈಲಾಶ


ಔರಾದ
22 ಡಿಸೆಂಬರ್ 2024

ಕೈಲಾಶ ಅವರಿಗೆ,

ಸೂರ್ಯನ ಸಾಲುಗಳನ್ನು ಎರಡು ಸಲ ಓದಿದೆ. ಅದು ಬೇರೆ ಮಾತು. ಈಗ ತೊಗಲಿನ ವಿಷಯ.

ನನ್ನ ಮುತ್ಯಾನೂ ಆ ಕೆಲಸ ಬಿಟ್ಟವನೇ. ಊರವರು ಎಷ್ಟು ಬೈದರೂ ಮತ್ತೆ ಹೋಗಲಿಲ್ಲ. ನನಗೆ ಅದರ ಹೆಮ್ಮೆ ಇದೆ. ಆದರೆ ಅವರು ಬಿಟ್ಟದ್ದು ಇನ್ನೊಬ್ಬರ ಹುಕುಮಿನ ಮೇಲೆ ಮಾಡುವುದನ್ನು. ಈ ಪಟ್ಟಿ ಹೊಲಿ ಅಂತ ನಮಗೆ ಯಾವ ಗೌಡನೂ ಹೇಳಿ ಕಳಿಸಿಲ್ಲ. ನಾನಂತೂ ದಿನಾ ತೊಗಲು ಮುಟ್ಟುವವಳು, ಅದೂ ಜೀವಂತ ಮನುಷ್ಯರದು. ಕುಡುಗೋಲು ತಾಗಿದ ಕೈ, ಗಾಡಿಯಿಂದ ಬಿದ್ದ ಮೊಣಕಾಲು, ಎಲ್ಲರ ಜಾತಿಯದೂ ನನ್ನ ಕೈಯಿಂದ ಹಾದು ಹೋಗುತ್ತದೆ. ಹೊಲಿಗೆ ಹೇಗೆ ಬೀಳಬೇಕು ಅಂತ ನನಗೆ ಗೊತ್ತು.

ಒಂದು ಹುಟ್ಟು, ಒಂದು ಪಟ್ಟಿ, ಆ ಮೇಣದ ದಾರ ಬಸ್ಸಿಗೆ ಹಾಕಿ ಕಳಿಸಿ. ನಾನು ಹೊಲಿದು ಕಳಿಸುತ್ತೇನೆ. ನಿಮ್ಮ ತಾಯಿ ಕೌಸಲ್ಯಾಬಾಯಿಯವರಿಗೆ ನಾನೇ ಹೊಲಿಯುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳಿ. ಬೈದರೆ ನನಗೆ ಬೈಯಲಿ.

ಕರುಣಾ


ಭಾಲ್ಕಿ
5 ಜನವರಿ 2025

ಕರುಣಾ ಅವರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಜೋಳ ಹಸನು ಮಾಡುತ್ತಾ ಕಡೆಗೆ ಕೇಳಿದಳು: "ಆ ಹುಡುಗಿ ಹೊಲಿಗಿ ಒತ್ತಾಗಿ ಹಾಕ್ತಾಳೋ, ಬಿಡಿಬಿಡಿ ಹಾಕ್ತಾಳೋ?" ಒಪ್ಪಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಹುಟ್ಟಿಗೆ ತನ್ನ ಹಳೆಯ ಸೀರೆ ಸುತ್ತಿಕೊಟ್ಟವಳು ಅವಳೇ.

ನಾಳೆಯ ಬಸ್ಸಿಗೆ ಕಳಿಸುತ್ತೇನೆ. ಕಂಡಕ್ಟರು ಗೋರಖನಾಥ ನನ್ನ ಪರಿಚಯದವರು, ಆಸ್ಪತ್ರೆಯ ತನಕ ತಂದುಕೊಡುತ್ತಾರೆ. "ಇದಕ್ಕ ಫುಲ್ ಟಿಕೀಟೋ, ಹಾಫ್ ಟಿಕೀಟೋ?" ಅಂತ ತಮಾಷೆ ಮಾಡಿದರು. ಎರಡನ್ನೂ ಕಳಿಸಬಹುದಿತ್ತು. ಮನಸ್ಸಾಗಲಿಲ್ಲ. ನಿಮ್ಮಲ್ಲೊಂದು, ನನ್ನಲ್ಲೊಂದು ಇರಲಿ ಅನಿಸಿತು.

ಕೈಲಾಶ


ಔರಾದ
14 ಜನವರಿ 2025

ಕೈಲಾಶ ಅವರಿಗೆ,

ಹುಟ್ಟು ಬಂತು. ಕೋಣೆಯ ಮೂಲೆಗೆ ನಿಲ್ಲಿಸಿದ್ದೇನೆ, ಸೂರಿಗೆ ತಾಗುತ್ತದೆ. ನೀವು ಉಜ್ಜಿದ ಜಾಗದ ಮೇಲೆ ಕೈಯಾಡಿಸಿದೆ, ಎಲ್ಲೂ ಸಿಬಿರಿಲ್ಲ. ಇಷ್ಟು ತಾಳ್ಮೆ ಇರುವವರು ಮನೆಯಲ್ಲಿ ಹೇಗಿರುತ್ತಾರೋ ಅಂತ ಒಂದು ಗಳಿಗೆ ಯೋಚಿಸಿದೆ.

ಹೊಲಿಗೆ ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಕಳಿಸುತ್ತೇನೆ.

ಕರುಣಾ


ಭಾಲ್ಕಿ
26 ಜನವರಿ 2025

ಕರುಣಾ ಅವರಿಗೆ,

ಹೊಲಿಗೆ ಆಯಿತೇ? ಅವಸರವೇನಿಲ್ಲ. ನಿಮಗೆ ಡ್ಯೂಟಿ ಜಾಸ್ತಿ ಇರಬಹುದು. ಬೇಸರವಾಗಿದ್ದರೆ ಹಾಗೇ ವಾಪಸ್ ಕಳಿಸಿದರೂ ನಾನೇನೂ ತಿಳಿದುಕೊಳ್ಳುವುದಿಲ್ಲ.

ಇಲ್ಲಿ ಉಳಿದಿರುವ ಒಂಟಿ ಹುಟ್ಟನ್ನು ಎದ್ದ ಕೂಡಲೇ ನೋಡುತ್ತೇನೆ. ನೀವಿಬ್ಬರೂ ಔರಾದದಲ್ಲಿ ಏನು ಮಾತಾಡಿಕೊಳ್ಳುತ್ತೀರೋ ಅಂತ ಹೊಟ್ಟೆಕಿಚ್ಚಾಗುತ್ತದೆ.

ಕೈಲಾಶ


ಔರಾದ
2 ಫೆಬ್ರವರಿ 2025

ಕೈಲಾಶ ಅವರಿಗೆ,

ಹೊಲಿಗೆ ಮುಗಿದಿಲ್ಲ. ಬೇಸರವಾಗಿದೆ ಅಂತ ನಾನು ಎಲ್ಲಿ ಬರೆದೆ? ನಾಳೆಯಿಂದ ನನಗೆ ಬೀದರದಲ್ಲಿ ಟ್ರೇನಿಂಗ್. ಹುಟ್ಟನ್ನೂ ಜೊತೆಗೆ ಒಯ್ಯುತ್ತೇನೆ. ಹೋಗುವ ಮುಂಚೆ ಇವತ್ತು ಮಾಂಜ್ರಾ ನದಿಯ ದಂಡೆಗೆ ಹೋಗಿ, ತೊಗಲು ದೋಣಿಯ ಬಳೆಯಲ್ಲಿ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಿಬರುತ್ತೇನೆ. ಪುತಳಾಬಾಯಿ ಅಂತ ಮೀನು ಹಿಡಿಯುವವಳು, ಅವಳ ಕೈಗೆ ನಾನೇ ಪಟ್ಟಿ ಕಟ್ಟಿದ್ದೆ. ಅವಳದೊಂದು ದೋಣಿ ಇದೆ.

ಕರುಣಾ


ಬೀದರ
9 ಫೆಬ್ರವರಿ 2025

ಕೈಲಾಶ ಅವರಿಗೆ,

ಮಾಂಜ್ರಾಕ್ಕೆ ಹೋಗಿದ್ದೆ. ತೊಗಲು ಚೆನ್ನಾಗಿ ಕೂತಿತು. ನಿಮ್ಮ ಹುಟ್ಟು ಒಂದು ಬದಿ, ಪುತಳಾಬಾಯಿಯ ಹುಟ್ಟು ಇನ್ನೊಂದು ಬದಿ ಹಾಕಿ, ಹೋಗುವ ದಿಕ್ಕಿಗೆ ಮುಖ ಮಾಡಿ ಕೂತೆ. ಎಳೆದರೆ ದೋಣಿ ಹಿಂದಕ್ಕೆ ಹೋಗುತ್ತದೆ! ಪುತಳಾಬಾಯಿ ನಕ್ಕು ನಕ್ಕು ನನ್ನನ್ನು ತಿರುಗಿಸಿ ಕೂರಿಸಿದಳು. "ಜೋಡಿ ಹುಟ್ಟು ಎಳ್ಯಾಕಿಗಿ ಹೋಗೋ ಕಡಿ ಬೆನ್ನು ಇರ್ತದ ಬಾಯಿ. ಬಿಟ್ಟು ಬಂದಿದ್ದಷ್ಟೇ ಕಾಣ್ತದ."

ಅಲ್ಲಿಯೇ ನನ್ನ ಕೈ ನಿಂತಿತು. ಸೂರ್ಯ ನಿಮ್ಮೆದುರಿಗೆ ಎದ್ದ, ಅವನ ಮೇಲಿನ ಕಣ್ಣು ಕೀಳದೆ ಅವನ ಕಡೆಗೇ ಹೋದೆ ಅಂತ ನೀವು ಬರೆದಿದ್ದಿರಿ. ಸೂರ್ಯನ ಕಡೆಗೆ ಹೋಗಿದ್ದರೆ ನಿಮ್ಮ ಬೆನ್ನು ಬೆಚ್ಚಗಾಗಬೇಕಿತ್ತು. ಅವನು ಕಾಣಲೇಬಾರದಿತ್ತು.

ನೀವು ದೋಣಿಯಲ್ಲಿ ಕೂತೇ ಇಲ್ಲ, ಅಲ್ಲವೇ?

ಸಣ್ಣ ಮಾತು ಅಂತ ನಾಹೀದ ಹೇಳುತ್ತಾಳೆ. ನಾಹೀದ ಇಲ್ಲಿ ನನ್ನ ಕೋಣೆಯ ಜೊತೆಗಾತಿ. ಅವಳಿಗೆ ಹಸಿರು ಕಿಟಕಿಯ ಕಥೆ ಗೊತ್ತಿಲ್ಲ. ಆ ಸಾಲು ನನಗೆ ಎಷ್ಟು ಹಿಡಿಸಿತ್ತೆಂದರೆ, ಕಣ್ಣು ಮುಚ್ಚಿ ನಿಮ್ಮ ಆ ದೋಣಿಯಲ್ಲಿ ನಾನು ಎಷ್ಟೋ ಸಲ ಕೂತು ಬಂದಿದ್ದೇನೆ. ಸಿಟ್ಟು ಅದಕ್ಕೇ.

ಹೊಲಿಗೆ ಮುಗಿದಿಲ್ಲ.

ಕರುಣಾ


ಭಾಲ್ಕಿ
16 ಫೆಬ್ರವರಿ 2025

ಕರುಣಾ ಅವರಿಗೆ,

ಹೌದು. ಕೂತಿಲ್ಲ. ನೀರು ಕಂಡರೆ ನನಗೆ ಹೆದರಿಕೆ. ಐತವಾರ ಕಾರಂಜಾಕ್ಕೆ ಹೋಗುವುದು ನಿಜ, ಏರಿಯ ಮೇಲೆ ನಿಂತು ನೋಡಿ ವಾಪಸ್ ಬರುತ್ತೇನೆ. ಅವತ್ತು ಹುಟ್ಟು ಹಾಕಿದವನು ಜಹೀರೋದ್ದೀನ. ಮಂಜು, ಸೂರ್ಯ, ಉಬ್ಬಿದ ಉಣ್ಣೆ ಎಲ್ಲ ಇದ್ದವು. ನಾನು ಮಾತ್ರ ದಂಡೆಯ ಮೇಲಿದ್ದೆ.

ಡಾಬಕಾದಲ್ಲಿ ನೀವು ಐತವಾರ ಏನು ಮಾಡುತ್ತೀರಿ ಅಂದಾಗ, ನಿಂತು ನೋಡುತ್ತೇನೆ ಅಂತ ಹೇಳಲು ನಾಚಿಕೆಯಾಯಿತು. ದೋಣಿ ನಡೆಸುತ್ತೇನೆ ಅಂತ ಬಾಯಿಂದ ಬಿತ್ತು. ಮನೆಗೆ ಬಂದವನೇ ಹುಟ್ಟಿನ ಪೆಟ್ಟಿಗೆ ತರಿಸಿದೆ. ಆಡಿದ್ದನ್ನು ಖರೆ ಮಾಡೋಣ ಅಂತ. ಹುಟ್ಟು ಖರೆ ಆದವು, ನಾನು ಆಗಲಿಲ್ಲ.

ನಿಮ್ಮದು ಒಂದೇ ಷರತ್ತಿತ್ತು, ಅದನ್ನೇ ಮುರಿದೆ. ನಿಮ್ಮನ್ನು ಕಳೆದುಕೊಳ್ಳುತ್ತೇನೆ ಅಂತ ಬಹಳ ಹೆದರಿಕೆಯಾಗಿದೆ, ನೀರಿಗಿಂತ ಹೆಚ್ಚು.

ಕೈಲಾಶ


ಭಾಲ್ಕಿ
16 ಮಾರ್ಚ್ 2025

ಕರುಣಾ ಅವರಿಗೆ,

ಒಂದು ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಅಂಚೆ ಚೀಲ ಬಿಚ್ಚುವಾಗ ಕೈ ತಾನೇ ಹುಡುಕುತ್ತದೆ. ಕೇಳಲು ಬರೆಯುತ್ತಿಲ್ಲ. ನಿಮಗೆ ಒಂದು ಖರೆ ಪತ್ರ ಬಾಕಿ ಇದೆ ಅನಿಸಿತು, ಅದಕ್ಕೆ.

ಇವತ್ತು ದೋಣಿ ಹತ್ತಿದೆ. ಮಂಜು ಇರಲಿಲ್ಲ, ಸೂರ್ಯೋದಯವೂ ಅಲ್ಲ. ರಣಗುಡುವ ಬಿಸಿಲು, ದೋಣಿಯ ತುಂಬ ಮೀನಿನ ನಾತ. ಇಲ್ಲಿದ್ದ ಒಂಟಿ ಹುಟ್ಟಿನ ಉಣ್ಣೆ ಬಿಚ್ಚಿ ಹಾಗೇ ಹಾಕಿದೆ. ಇನ್ನೊಂದು ಬದಿಗೆ ಜಹೀರೋದ್ದೀನನ ಹಲಗೆಯ ಹುಟ್ಟು. ಹತ್ತುವಾಗ ಅವನ ಅಂಗಿ ಹಿಡಿದುಕೊಂಡು ಅಂಗಿಯ ಗುಂಡಿ ಕಿತ್ತೆ. ಅವನು ನನ್ನೆದುರಿಗೆ ಕೂತು ದಾರಿ ಹೇಳಿದ. "ಎಡಕ, ಎಡಕ! ನಿಂದಲ್ಲೋ ಮಾರಾಯಾ, ನನ್ನ ಎಡಕ!" ಎರಡು ಸಲ ಮುಳ್ಳುಕಂಟಿಗೆ ಹೋಗಿ ಗುದ್ದಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿವೆ, ಈ ಅಕ್ಷರ ಸೊಟ್ಟಗಿರುವುದು ಅದಕ್ಕೇ.

ನಡುನೀರಿಗೆ ಹೋದ ಮೇಲೆ ಸುಸ್ತಾಗಿ ಹುಟ್ಟನ್ನು ಮೇಲೆತ್ತಿ ಹಿಡಿದೆ. ದಂಡೆಯ ಮೇಲೆ ಯಾರದೋ ಕುರಿಗಳು ಜೋಳದ ಕಾಳಿನಷ್ಟಾಗಿದ್ದವು. ನಾನು ಇಷ್ಟು ದಿನ ನಿಂತು ನೋಡುತ್ತಿದ್ದ ಜಾಗ ಅಲ್ಲಿಂದ ಕಂಡಿತು, ಅಲ್ಲಿ ಯಾರೂ ಇರಲಿಲ್ಲ. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರತಿ ಹನಿಯೂ ನೀರಿನ ಮೇಲೆ ಒಂದು ಬಳೆ ಬರೆದು ಅಗಲವಾಗಿ ಹೋಗುತ್ತಿತ್ತು. ನಾನೂ ಅದರ ಸಂಗಡ ಎಲ್ಲೋ ಹೋಗಿಬಿಟ್ಟಿದ್ದೆ. ಎಷ್ಟು ಹೊತ್ತೋ ತಿಳಿಯದು.

ಹೆದರಿಕೆ ಹೋಗಿಲ್ಲ. ಮುಂದಿನ ಐತವಾರ ಮತ್ತೆ ಹೋಗುತ್ತೇನೆ. ನಿಮ್ಮ ಹತ್ತಿರದ ಹುಟ್ಟು ನಿಮ್ಮದೇ, ಇಟ್ಟುಕೊಳ್ಳಿ. ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಕೈಲಾಶ


ಔರಾದ
23 ಮಾರ್ಚ್ 2025

ಕೈಲಾಶ ಅವರಿಗೆ,

ಬೊಬ್ಬೆ ಒಡೆಯಬೇಡಿ. ಒಡೆದಿದ್ದರೆ ಸ್ವಚ್ಛ ನೀರಿನಿಂದ ತೊಳೆದು ಮುಲಾಮು ಹಚ್ಚಿ. ಅರಿಶಿನ ಮೆತ್ತಿಕೊಂಡು ಕೂರಬೇಡಿ.

ಒಂದು ತಿಂಗಳು ನಾನು ಸಿಟ್ಟಿನಲ್ಲೇ ಇದ್ದೆ. ಅಪ್ಪ ಎರಡು ಸಲ "ಏನಂತ ಹೇಳ್ಲಿ ಅವರಿಗಿ?" ಅಂತ ಕೇಳಿದರು. ಒಲ್ಲೆ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮೂಲೆಯ ಹುಟ್ಟಿನ ಕಡೆ ನೋಡಿ ನುಂಗಿಕೊಂಡೆ. ನಿನ್ನೆ ನಿಮ್ಮ ಸೊಟ್ಟ ಅಕ್ಷರದ ಪತ್ರ ಬಂತು. ಮೀನಿನ ನಾತ, ಮುಳ್ಳುಕಂಟಿ, ಕಿತ್ತುಹೋದ ಗುಂಡಿ. ಸೂರ್ಯನ ಪತ್ರಕ್ಕಿಂತ ಇದನ್ನೇ ಹೆಚ್ಚು ಸಲ ಓದಿದ್ದೇನೆ. ಆ ನಡುನೀರಿನಲ್ಲಿ ನಾನೂ ಸ್ವಲ್ಪ ಹೊತ್ತು ಇದ್ದೆ.

ನನ್ನದೂ ಒಂದು ಮಾತಿದೆ. ನಿಮ್ಮ ಹುಟ್ಟು ಬಂದ ದಿನ ಸಂಜೆಗೇ ಹೊಲಿಗೆ ಮುಗಿದಿತ್ತು. ಮುಗಿಯಿತು ಅಂತ ಬರೆದರೆ ವಾಪಸ್ ಕಳಿಸಬೇಕಾಗುತ್ತಿತ್ತು, ಅದಕ್ಕೆ ಮನಸ್ಸಿರಲಿಲ್ಲ. ಮುಗಿದಿಲ್ಲ ಅಂತ ಬರೆದರೆ ಸುಳ್ಳಾಗುತ್ತಿತ್ತು. ನಿಮಗೆ ಸುಳ್ಳು ಬೇಡ ಅಂದವಳು ನಾನೇ ಅಲ್ಲವೇ? ಅದಕ್ಕೆ ಪ್ರತಿ ಸಲ ನಿಮಗೆ ಬರೆಯಲು ಕೂರುವ ಮುಂಚೆ ಕೊನೆಯ ಎರಡು ಹೊಲಿಗೆ ಬಿಚ್ಚುತ್ತಿದ್ದೆ. ಪತ್ರ ಡಬ್ಬಿಗೆ ಹಾಕಿ ಬಂದು ಮತ್ತೆ ಹಾಕುತ್ತಿದ್ದೆ. ಬೀದರದಲ್ಲಿ ಅಷ್ಟು ಸಿಟ್ಟಿನ ಪತ್ರ ಬರೆದ ದಿನವೂ ಬಿಚ್ಚಿದೆ. ನಾಹೀದ ನೋಡಿ, "ಯಾಕವಾ, ಹಾಕೋದು ಯಾಕ, ಬಿಚ್ಚೋದು ಯಾಕ?" ಅಂತ ಹಣೆ ಬಡಿದುಕೊಂಡಳು.

ಇವತ್ತು ಬಿಚ್ಚದೆ ಬರೆಯಲು ಕೂತಿದ್ದೇನೆ. ಹೊಲಿಗೆ ಮುಗಿದಿದೆ, ಒತ್ತಾಗಿ ಹಾಕಿದ್ದೇನೆ ಅಂತ ನಿಮ್ಮ ಅವ್ವನಿಗೆ ಹೇಳಿ, ಅವರನ್ನು ಕರೆದುಕೊಂಡು ಡಾಬಕಾದ ನಮ್ಮ ಮನೆಗೆ ಬನ್ನಿ. ಇನ್ನೊಂದು ಹುಟ್ಟಿನ ತೊಗಲನ್ನು ಬಸ್ಸಿಗೆ ಹಾಕಬೇಡಿ. ಅದನ್ನು ಭಾಲ್ಕಿಗೆ ಬಂದು, ಆ ಅಂಗಳದಲ್ಲೇ ಕೂತು ಹೊಲಿಯುತ್ತೇನೆ.

ಕರುಣಾ